ಕೋಡಿಬಾಗಿಲಿನ ತಿಳಿನೀರು

ಕೋಡಿಬಾಗಿಲು
12 ನವೆಂಬರ್ 2024

ಅಕ್ಕನಿಗೆ ತೀರ್ಥಪ್ರಸಾದ್ ಮಾಡುವ ನಮಸ್ಕಾರಗಳು.

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯ ಎಂದು ಯಾರೋ ಹೆಂಗಸು ಹೇಳುತ್ತಲೇ ಇದ್ದಾಳೆ. ಅವಳ ಜೊತೆ ಮಾತಾಡುವುದಕ್ಕಿಂತ ಕಾಗದ ಬರೆಯುವುದೇ ವಾಸಿ. ಕಕ್ಕಬೆಗೆ ಟವರ್ ಬರುವ ಹೊತ್ತಿಗೆ ನಾವಿಬ್ಬರೂ ಮುದುಕರಾಗಿರುತ್ತೇವೆ.

ಕೆಲಸ ಕುದುರಿದೆ. ತಡಿಯಂಡಮೋಳ್ ಬೆಟ್ಟಕ್ಕೆ ಟೂರಿಸ್ಟರನ್ನು ಹತ್ತಿಸಿ ಇಳಿಸುತ್ತಿದ್ದವನು ಕಡಲ ತಡಿಯಲ್ಲಿ ಏನು ಕಿಸಿಯುತ್ತಾನೆ ಎಂದು ಬಾವ ಕೇಳಿದ್ದರಲ್ಲ, ಅವರಿಗೆ ಹೇಳು. ಸೈಕಲ್ ಅಂಗಡಿ ಇಲ್ಲಿನ ಗೆಳೆಯ ನಿರಂಜನನದು, ಕಾಲು ಮತ್ತು ಬಾಯಿ ನನ್ನದು. ಬೆಳಿಗ್ಗೆ ಸೈಕಲ್ ಟೂರ್: ಮೀನು ಹರಾಜಾಗುವ ಧಕ್ಕೆ, ಮುಚ್ಚಿದ ಹಂಚಿನ ಕಾರ್ಖಾನೆ, ಇಗರ್ಜಿಯ ಓಣಿ, ಕೊನೆಗೆ ಒಂದು ಅಂಗಡಿಯಲ್ಲಿ ಗೋಳಿಬಜೆ. ಕೈಲ್ ಮುಹೂರ್ತದ ದಿನ ಆಯುಧಪೂಜೆಗೆ ಕೋವಿ ಇಲ್ಲವಲ್ಲ ಎಂದು ಸೈಕಲ್‌ಗಳನ್ನೇ ಸಾಲಾಗಿ ನಿಲ್ಲಿಸಿ ಹೂ ಇಟ್ಟೆ. ನಿರಂಜನ ನಕ್ಕೂ ನಕ್ಕೂ ಸುಸ್ತಾದ.

ಸಂಜೆಯದು ನಡಿಗೆಯ ಟೂರ್. ಈ ಊರಿಗೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ನಡುವೆ ಉದ್ದಕ್ಕೆ ಒಂದು ಮರಳು ದಿಣ್ಣೆ. ಅದರ ತುದಿಯಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ದಿಣ್ಣೆಗೆ ಹೋಗಲು ಒಂದು ತೋಡು ದಾಟಬೇಕು. ನಮ್ಮ ಮಾದಾಪುರದ ಶಾಲೆಯ ಹಿಂದಿನ ತೋಡಿನಷ್ಟೇ ಅಗಲ, ಪಾದ ಮುಳುಗುವಷ್ಟು ನೀರು. ತುಲಾ ಸಂಕ್ರಮಣಕ್ಕೆ ನೀವು ಗದ್ದೆಗೆ ಬಳ್ಳಿ ಸುತ್ತಿದ ಕೋಲು ನೆಟ್ಟಿರುತ್ತೀರಿ. ನಾನೂ ಅಂಥವನ್ನೇ ತಂದು ತೋಡಿನ ಎರಡು ದಡಕ್ಕೂ ನೆಟ್ಟೆ. ದಾಟುವ ಜಾಗದ ಗುರುತೂ ಆಯಿತು, ಕಾವೇರಮ್ಮನ ಕಾವಲೂ ಆಯಿತು.

ಅಲ್ಲಿ ನಿಂತು ಬಂದವರಿಗೆಲ್ಲ ನಿನ್ನ ಮಾತು ಹೇಳುತ್ತೇನೆ. "ಕಕ್ಕಬೆಯಲ್ಲಿ ನನ್ನ ಅಕ್ಕ ಇದ್ದಾಳೆ, ಯಮುನ ಅಂತ, ಹೋಂಸ್ಟೇ ಇಟ್ಟಿದ್ದಾಳೆ. ಚಿಕ್ಕಂದಿನಲ್ಲಿ ನನ್ನ ಕೈ ಹಿಡಿದು ಹೇಳ್ತಿದ್ದಳು, ನೀರ್ ತಿಳಿ ಇದ್ದರೆ ದಾಟ್, ಕೆಂಪಾದರೆ ನಿಲ್ಲ್." ಎಲ್ಲರಿಗೂ ಇಷ್ಟವಾಗುತ್ತದೆ. ಕೆಲವರು ಬರೆದುಕೊಳ್ಳುತ್ತಾರೆ. ನಿನ್ನ ಹೋಂಸ್ಟೇಗೂ ಗಿರಾಕಿ ಬರಬಹುದು, ಕಮಿಷನ್ ಬೇಡ, ಹಂದಿಕರಿ ಸಾಕು.

ನಿನ್ನ
ತೀರ್ಥ

*

ಕಕ್ಕಬೆ
20 ಡಿಸೆಂಬರ್ 2024

ತಮ್ಮ ತೀರ್ಥನಿಗೆ ಅಕ್ಕನ ಆಶೀರ್ವಾದ. ಬೈಗುಳವೂ ಇದೆ, ಮೊದಲು ಅದನ್ನು ಓದು.

ಪುತ್ತರಿ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಕೈಕೊಟ್ಟೆಯಲ್ಲ, ನಿನಗೆ ನಾಚಿಕೆಯಿಲ್ಲ. ಕದಿರು ಕೊಯ್ಯುವಾಗ ನಿನ್ನ ಬಾವ ಗದ್ದೆಯಲ್ಲಿ ನಿಂತು ಎರಡು ಸಲ ರಸ್ತೆ ಕಡೆ ನೋಡಿದರು. ನಾನು ನೋಡಲಿಲ್ಲ, ನನಗೆ ನಿನ್ನ ಗುಣ ಗೊತ್ತು. ನಿನ್ನ ಪಾಲಿನ ತಂಬಿಟ್ಟು ಮೂರು ದಿನ ಇಟ್ಟು ಕೊನೆಗೆ ನಾನೇ ತಿಂದೆ.

ಇಲ್ಲಿ ಕಾಫಿ ಪಿಕಿಂಗ್ ಶುರುವಾಗಿದೆ. ಕ್ರಿಸ್‌ಮಸ್‌ಗೆ ಎರಡು ರೂಮೂ ಭರ್ತಿ. ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಿ, ಹತ್ತು ಗಂಟೆಗೆ ಗೆಸ್ಟುಗಳಿಗೆ ಕಡಂಬುಟ್ಟು ಬಡಿಸುವುದು ನಾನು, ಆಮೇಲೆ ಅವರನ್ನು ಜಲಪಾತಕ್ಕೆ ಕರೆದುಕೊಂಡು ಹೋಗುವುದು ನಿನ್ನ ಬಾವ. ಅವರಿಗೆ ಮಾತು ಕಡಿಮೆ. ಕಾಡು ತೋರಿಸಿ "ಇದು ಕಾಡು" ಎನ್ನುತ್ತಾರೆ, ಮುಗಿಯಿತು. ನಿನ್ನ ಬಾಯಿ ಇಲ್ಲದೆ ನಮ್ಮ ವ್ಯಾಪಾರಕ್ಕೆ ನಷ್ಟವೇ.

ನಿನ್ನ ಕಾಗದದಲ್ಲಿ ತೋಡಿನ ಮಾತು ಬಂದ ಕಡೆಯನ್ನು ಬಾವ ಇನ್ನೊಮ್ಮೆ ಓದು ಎಂದರು. ನಾನೂ ಓದಿದೆ, ಸುಮ್ಮನೆ ಯಾಕೆ ಬಿಗುಮಾನ, ನನಗೂ ಹೆಮ್ಮೆಯಾಯಿತು. ನಿನಗೆ ಆಗ ಆರು ವರ್ಷ. ನಿನ್ನ ಚೀಲ ನನ್ನ ತಲೆ ಮೇಲೆ, ನನ್ನ ಚೀಲ ಬೆನ್ನ ಮೇಲೆ. ನೀನು ಯಾವಾಗಲೂ ಹಿಂದೆ, ನನ್ನ ಲಂಗ ಹಿಡಿದುಕೊಂಡು. ಒಂದು ಸಲ ಕೆಂಪು ನೀರು ಬಂದಾಗ ನಾನು ನಿಂತೆ, ಐದು ನಿಮಿಷದಲ್ಲಿ ಮರದ ದಿಮ್ಮಿಯೊಂದು ನಮ್ಮ ಕಣ್ಣೆದುರೇ ತೇಲಿಹೋಯಿತು. ಅವತ್ತು ನೀನು ಉಚ್ಚೆ ಹೊಯ್ದುಕೊಂಡದ್ದನ್ನೂ ಟೂರಿಸ್ಟರಿಗೆ ಹೇಳುತ್ತೀಯೋ ಇಲ್ಲವೋ?

ನನ್ನ ಹೆಸರು ಕಡಲವರೆಗೆ ಹೋಯಿತು ನೋಡು. ನಾನೇ ಇನ್ನೂ ಕಡಲು ಕಂಡಿಲ್ಲ.

ಯಮುನಕ್ಕ

(ತೀರ್ಥ, ಬರುವಾಗ ಒಣಸಿಗಡಿ ತಾ. ಅಕ್ಕನ ಬೈಗುಳ ಮನಸ್ಸಿಗೆ ಹಚ್ಚಿಕೊಳ್ಳಬೇಡ. — ನಿನ್ನ ಬಾವ ಸೋಮಯ್ಯ)

*

ಕೋಡಿಬಾಗಿಲು
29 ಜನವರಿ 2025

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೆಲಸ ಜಾಸ್ತಿ. ನೀನು ಪೇಟೆಯಿಂದ ಫೋನ್ ಮಾಡಿದ್ದು ಗೊತ್ತು, ಫೋನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ.

ನಡಿಗೆಯ ಟೂರ್ ಸದ್ಯಕ್ಕೆ ನಿಲ್ಲಿಸಿದ್ದೇವೆ. ನನಗೆ ಮೊಣಕಾಲು ನೋವು. ಸೈಕಲ್ ಟೂರ್ ನಡೆಯುತ್ತಿದೆ. ಮೊನ್ನೆ ಕೂಡ ಆರು ಜನ ಬಂದಿದ್ದರು, ಗೋಳಿಬಜೆ ಚೆನ್ನಾಗಿದೆ ಎಂದರು.

ಇಲ್ಲಿ ಸೆಕೆ. ಬೇರೆ ವಿಶೇಷ ಇಲ್ಲ. ಬಾವನಿಗೆ ನಮಸ್ಕಾರ ಹೇಳು.

ತೀರ್ಥ

*

ಕಕ್ಕಬೆ
22 ಫೆಬ್ರವರಿ 2025

ತೀರ್ಥನಿಗೆ ಆಶೀರ್ವಾದ.

ಇದೇನು ಕಾಗದವೋ, ಬ್ಯಾಂಕಿನ ನೋಟಿಸೋ? ಎರಡು ತಿಂಗಳಿಗೆ ಹತ್ತು ಸಾಲು, ಅದರಲ್ಲೂ ಗೋಳಿಬಜೆಗೆ ಒಂದು ಸಾಲು. ಮೊಣಕಾಲು ನೋಯುವವನು ಸೈಕಲ್ ತುಳಿಯುತ್ತಾನೆ, ನಡೆಯುವುದಿಲ್ಲ! ನಿನ್ನನ್ನು ಎತ್ತಿ ಆಡಿಸಿದವಳಿಗೇ ಕಿವಿಗೆ ಹೂ ಇಡುತ್ತೀಯಾ?

ನನಗೆ ವಾಸನೆ ಬಡಿದಿದೆ. ಯಾರವಳು? ಮೀನು ತಿನ್ನುವವಳೋ, ಇಗರ್ಜಿಗೆ ಹೋಗುವವಳೋ, ಯಾರಾದರೂ ಆಗಲಿ, ನನಗೇನೂ ಅಭ್ಯಂತರವಿಲ್ಲ. ಕಡಲೂರಿನ ಹುಡುಗಿ ನಮ್ಮ ಚಳಿಗೆ ಬಾಳುತ್ತಾಳೋ ಎಂಬುದಷ್ಟೇ ಯೋಚನೆ. ಒಂದು ಕಂಬಳಿ ಹೆಚ್ಚಿಗೆ ತೆಗೆದಿಟ್ಟಿದ್ದೇನೆ. ಫೋಟೋ ಕಳಿಸು.

ಕರಿಮೆಣಸು ಕೊಯ್ಲು ನಡೆಯುತ್ತಿದೆ. ಬಾವ ವಿರಾಜಪೇಟೆಗೆ ಹೋಗಿದ್ದಾರೆ, ಅದಕ್ಕೇ ಅವರ ಸಾಲು ಇಲ್ಲ. ಗೆಸ್ಟುಗಳನ್ನು ನಾನೇ ಜಲಪಾತಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ನಿನ್ನ ಹಾಗೆಯೇ ದಾರಿಯಲ್ಲಿನ ತೋಡಿನ ಬಳಿ ನಿಂತು ನನ್ನದೇ ಮಾತನ್ನು ಹೇಳುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ ಮಾರಾಯ!

ಉದ್ದ ಕಾಗದ ಬರೆ.

ಯಮುನಕ್ಕ

*

ಕೋಡಿಬಾಗಿಲು
3 ಮಾರ್ಚ್ 2025

ಅಕ್ಕಾ,

ಹುಡುಗಿ ಯಾರೂ ಇಲ್ಲ. ಕಂಬಳಿ ಒಳಗಿಡು.

ಬಾವ ಒಂದು ಸಾಲೂ ಬರೆದಿಲ್ಲ. ಅವರಿಗೆ ನನ್ನ ಮೇಲೆ ಕೋಪವಾ? ವಿರಾಜಪೇಟೆಯಲ್ಲಿ ಯಾರಾದರೂ ಏನಾದರೂ ಹೇಳಿದರಾ? ಹೇಳಿದ್ದರೆ ಮುಚ್ಚಿಡದೆ ತಿಳಿಸು. ನನ್ನ ಟೂರಿಗೆ ಇನ್ನು ಯಾರನ್ನೂ ಕಳಿಸಬೇಡ, ನನ್ನ ವಿಳಾಸವನ್ನೂ ಕೊಡಬೇಡ.

ಇನ್ನೊಂದು. ತೋಡಿನ ಬಳಿ ಆ ಮಾತು ಹೇಳುವುದನ್ನು ನಿಲ್ಲಿಸು ಅಕ್ಕ. ಯಾಕೆ ಎಂದು ಕೇಳಬೇಡ.

ತೀರ್ಥ

*

ಕಕ್ಕಬೆ
27 ಮಾರ್ಚ್ 2025

ತೀರ್ಥನಿಗೆ ಆಶೀರ್ವಾದ.

ನಿನ್ನ ಕಾರ್ಡ್ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ನನ್ನ ಮಾತು ನಾನು ಹೇಳಬಾರದಂತೆ, ಯಾಕೆ ಎಂದು ಕೇಳಲೂಬಾರದಂತೆ. ಅದೇನು, ನಿನ್ನ ಟೂರಿಗೆ ಅಂತ ರಿಜಿಸ್ಟರ್ ಮಾಡಿಸಿಕೊಂಡಿದ್ದೀಯಾ? ಬಾವನಿಗೆ ಕೋಪವೂ ಇಲ್ಲ, ತಾಪವೂ ಇಲ್ಲ. ವಿರಾಜಪೇಟೆಯಲ್ಲಿ ಯಾರೂ ನಿನ್ನ ಸುದ್ದಿ ಎತ್ತಿಲ್ಲ. ನೀನೇನು ಅಷ್ಟು ದೊಡ್ಡ ಮನುಷ್ಯನೆಂದು ತಿಳಿದುಕೊಂಡೆಯಾ?

ಆದರೆ ಇವತ್ತು ಜಗಳಕ್ಕೆ ಕೂತಿಲ್ಲ. ನಿನ್ನ ಟೂರಿನಲ್ಲಿ ನಡೆದವರೊಬ್ಬರು ಕೊನೆಗೂ ನಮ್ಮ ಮನೆಗೆ ಬಂದರು! ಅನುಪಮಾ ಅಂತ, ಹಾಸನದವರು, ಐವತ್ತರ ಹತ್ತಿರ ಇರಬಹುದು, ಒಬ್ಬರೇ. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದ ದಿನವೇ ಬಂದರು. ಅಂಗಳಕ್ಕೆ ಕಾಲಿಟ್ಟವರು ಹೂವಿನ ಕಡೆ ನೋಡಲೇ ಇಲ್ಲ. ನೇರ ನನ್ನ ಮುಖ ನೋಡಿ, "ತೀರ್ಥಪ್ರಸಾದ್ ಅವರ ಅಕ್ಕ ನೀವೇನಾ?" ಎಂದು ಕೇಳಿದರು.

"ನಾನೇ. ಅವನು ನಿಮಗೆ ಊರು ತೋರಿಸಿದನಾ?"

"ತೋರಿಸಿದರು. ತೋಡು ದಾಟಿಸಿದರು."

ನನಗೆ ಎಷ್ಟು ಖುಷಿಯಾಯಿತೆಂದರೆ ರೂಮ್ ತೋರಿಸುವುದನ್ನು ಬಿಟ್ಟು ನಿನ್ನ ಫೋಟೋ ತಂದು ತೋರಿಸಿದೆ, ಶಾಲೆಯ ಚಡ್ಡಿಯಲ್ಲಿರುವುದು. ಅವರು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಮರುದಿನ ಜಲಪಾತದ ದಾರಿಯಲ್ಲಿ ತೋಡಿನ ಬಳಿ ಅವರೇ ಕೇಳಿದರು. "ನೀರು ತಿಳಿ ಇದ್ರೆ ದಾಟಬಹುದು ಅಂತ ನಿಮ್ಮ ತಮ್ಮ ಹೇಳಿದ್ರು. ನಿಜವಾಗಿ ನೀವೇ ಹೇಳಿಕೊಟ್ಟಿದ್ದಾ? ಟೂರಿಸ್ಟರಿಗೆ ಅಂತ ಕಟ್ಟಿದ ಕಥೆ ಅಲ್ವಾ?" ನನಗೆ ರೇಗಿತು. "ಕಥೆ ಎಂತಕ್ಕೆ ಕಟ್ಟೋದು ಮೇಡಂ? ಅವ ಸಣ್ಣ ಇರುವಾಗ ನಾನೇ ಹೇಳಿದ್ದು. ಇಲ್ಲಿ ಮಕ್ಕಳಿಗೆಲ್ಲ ಹೀಗೇ ಹೇಳೋದು" ಎಂದೆ. ಇನ್ನೊಂದು ಸಲ ಹೇಳಿ ಎಂದರು, ಹೇಳಿದೆ. ನಿನ್ನ ಕಾರ್ಡ್ ನೆನಪಿಗೆ ಬಂತು, ಆದರೂ ಹೇಳಿದೆ. ನೀರು ಕನ್ನಡಿಯ ಹಾಗಿತ್ತು. ಕೈ ಹಿಡಿದು ದಾಟಿಸಿದೆ. ನಡುವೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಪೇಟೆಯ ಹೆಂಗಸು, ಜಿಗಣೆಗೆ ಹೆದರಿರಬೇಕು ಎಂದುಕೊಂಡೆ. ಆಚೆ ದಡದಲ್ಲಿ ಕೂತು ಅತ್ತರು. ಜಿಗಣೆಗೆ ಯಾರೂ ಅಷ್ಟು ಅಳುವುದಿಲ್ಲ. ಗಂಡ ಹೋದ ಹೊಸತು ಎಂದಷ್ಟೇ ಹೇಳಿದರು, ನಾನು ಕೆದಕಲಿಲ್ಲ.

ಹೊರಡುವಾಗ ನಮ್ಮ ದೇವರ ಕೋಣೆಯ ಕಾವೇರಿ ತೀರ್ಥವನ್ನು ಪುಟ್ಟ ಬಾಟಲಿಗೆ ಹಾಕಿ ಕೊಟ್ಟೆ. ಇದನ್ನು ಏನು ಮಾಡಬೇಕು ಎಂದರು. ಮನೆಯಲ್ಲಿಡಿ, ಹೋಗುವ ಜೀವದ ಬಾಯಿಗೆ ಬಿಡುತ್ತೇವೆ ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ, ಗಂಡ ಸತ್ತವರ ಎದುರು ಆಡುವ ಮಾತೇ ಅದು? ಅವರು ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ನಿಮ್ಮ ತಮ್ಮ ಸುಳ್ಳು ಹೇಳಿರಲಿಲ್ಲ. ಅಷ್ಟು ಗೊತ್ತಾಯ್ತು" ಎಂದರು. ನನ್ನ ಹೋಂಸ್ಟೇಯನ್ನು ನೀನು ಹೊಗಳಿದ್ದು ನಿಜವೆನಿಸಿತೇನೋ.

ಒಳ್ಳೆಯ ಹೆಂಗಸು. ನಿನಗೆ ನೆನಪಿದ್ದಾರಾ?

ಯಮುನಕ್ಕ

*

ಕೋಡಿಬಾಗಿಲು
3 ಏಪ್ರಿಲ್ 2025

ಅಕ್ಕಾ,

ನೆನಪಿದ್ದಾರೆ. ಮರೆತ ದಿನವಿಲ್ಲ.

ಅವರ ಗಂಡ ಜಯಪ್ರಕಾಶ್ ಸತ್ತದ್ದು ನನ್ನ ಟೂರಿನಲ್ಲಿ. ಜನವರಿ ಐದು, ಭಾನುವಾರ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ, ಫೋನೂ ಕೆಟ್ಟಿರಲಿಲ್ಲ. ನೀನು ನನ್ನ ದನಿ ಕೇಳಿದರೆ ಕಂಡುಹಿಡಿಯುತ್ತೀಯ ಎಂದು ಎತ್ತಲಿಲ್ಲ. ಕಾಗದದಲ್ಲಿ ದನಿ ಕೇಳಿಸುವುದಿಲ್ಲ ಎಂದುಕೊಂಡಿದ್ದೆ.

ಅವತ್ತು ನಾಲ್ಕು ಜನ ಬಂದಿದ್ದರು. ಅವರಿಬ್ಬರು, ಇನ್ನೊಂದು ಜೋಡಿ. ಹೋಗುವಾಗ ತೋಡಿನಲ್ಲಿ ಪಾದ ಮುಳುಗುವಷ್ಟು ನೀರು. ಸೂರ್ಯ ಪೂರ್ತಿ ಮುಳುಗುವವರೆಗೆ ಕೂರೋಣ ಎಂದು ಜಯಪ್ರಕಾಶ್ ಹೇಳಿದರು. ಕೂತೆವು. ತಿರುಗಿ ಬರುವಾಗ ಮೊಣಕಾಲಿಗೆ ಬರುತ್ತಿತ್ತು. ಅನುಪಮಾ ಅವರು, "ನೀರು ಜಾಸ್ತಿಯಾಗಿದೆ ಅಲ್ವಾ?" ಎಂದು ಕೇಳಿದರು. ಕೇಳಿದರು ಅಕ್ಕ. ನಾನು ಬೊಗಸೆಯಲ್ಲಿ ನೀರೆತ್ತಿ ತೋರಿಸಿದೆ. "ತಿಳಿ ಇದೆ ಮೇಡಂ. ಮಳೆಯಿಲ್ಲ, ಮೋಡವಿಲ್ಲ. ನಮ್ಮಕ್ಕನ ಮಾತು ನೆನಪಿದೆಯಲ್ಲ?" ಎಲ್ಲರೂ ನಕ್ಕರು. ಅವರ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು.

ಮೊದಲು ಅನುಪಮಾ ಅವರನ್ನು ಕೈ ಹಿಡಿದು ದಾಟಿಸಿದೆ. ಉಳಿದವರನ್ನು ಕರೆದುಕೊಂಡು ಬರಲು ತಿರುಗಿದಾಗ ಜಯಪ್ರಕಾಶ್ ಆಗಲೇ ಇಳಿದಿದ್ದರು, ನಾನು ನೆಟ್ಟ ಕೋಲಿನ ಪಕ್ಕದಲ್ಲೇ. ನಮ್ಮ ಗದ್ದೆಯಲ್ಲಿ ಕೋಲು ನೆಟ್ಟರೆ ಅದರ ಸುತ್ತಲಿನ ನೆಲ ಎಲ್ಲೂ ಹೋಗುವುದಿಲ್ಲ. ಇಲ್ಲಿ ಕೋಲು ನಿಂತಿತ್ತು, ಪಕ್ಕದ ಮರಳನ್ನು ನೀರು ಕೊರೆದುಕೊಂಡು ಹೋಗಿತ್ತು. ಅವರು ಒಂದೇ ಸಲಕ್ಕೆ ಕಾಣದಾದರು.

ಇನ್ನು ಹೇಳುವುದನ್ನು ಪೊಲೀಸರಿಗೆ ಹೇಳಿದ್ದೇನೆ, ಬೇರೆ ಯಾರಿಗೂ ಹೇಳಿಲ್ಲ. ನಾನು ಹಾರಿದೆ. ಸಿಗಲಿಲ್ಲ. ಎದ್ದು ದಡದುದ್ದಕ್ಕೂ ಕಡಲಿನ ಕಡೆಗೆ ಓಡಿದೆ, ಕೂಗುತ್ತಾ, ನೀರಿಗೆ ಇಳಿಯುತ್ತಾ, ಏಳುತ್ತಾ. ಹೊಳೆಗೆ ಬಿದ್ದದ್ದು ಕೆಳಕ್ಕೆ ತಾನೇ ಹೋಗುವುದು? ನಮ್ಮಲ್ಲಿ ಚಪ್ಪಲಿ ಬಿದ್ದರೂ, ದನ ಬಿದ್ದರೂ ಕೆಳಗೆ ಓಡುತ್ತೇವೆ. ಆದರೆ ಅದು ಭರತದ ಹೊತ್ತು. ಕಡಲು ಹೊಳೆಯೊಳಗೆ ನುಗ್ಗುತ್ತಿತ್ತು. ನೀರು ಮೇಲಕ್ಕೆ ಹರಿಯುತ್ತಿತ್ತು ಅಕ್ಕ. ಅವರು ಮೇಲಕ್ಕೆ ಹೋಗಿದ್ದರು. ದೋಣಿಯವರಿಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಕಾಂಡ್ಲಾ ಗಿಡಗಳ ಬೇರಿನಲ್ಲಿ, ತೋಡಿನಿಂದ ಏನೂ ದೂರವಿಲ್ಲ. ನಾನು ಆ ಕಡೆಗೆ ಓಡಿದ್ದರೆ? ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿಲ್ಲ. ಅನುಪಮಾ ಅವರು ಕೂಡ ಕೇಳಿಲ್ಲ. ಅವರು ದಡದಲ್ಲಿ ನಿಂತು ನಾನು ತಪ್ಪು ದಿಕ್ಕಿಗೆ ಓಡುವುದನ್ನು ನೋಡಿದ್ದರು.

ಭರತ ಇಳಿತ ಗೊತ್ತಿರಲಿಲ್ಲವೇ ಎಂದು ಕೇಳುತ್ತೀಯ. ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವಷ್ಟು ಗೊತ್ತಿತ್ತು. ಆದರೆ ದಡದಲ್ಲಿ ನಿಂತಾಗ ನಾನು ನೋಡಿದ್ದು ನೀರಿನ ಬಣ್ಣವನ್ನು.

ಟೂರ್ ಅವತ್ತೇ ಮುಚ್ಚಿತು, ಆರು ಜನ ಬಂದಿದ್ದರು ಎಂದು ಬರೆದದ್ದೂ ಸುಳ್ಳು. ಸೈಕಲ್‌ಗಳಿಗೆ ಬೀಗ. ನಾನು ನಿರಂಜನನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ, ಜಾಮೀನಿನ ಮೇಲಿದ್ದೇನೆ, ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕುತ್ತೇನೆ. ಅಕ್ಕ, ತೋಡು, ಮಾತು ಎಲ್ಲ ಗಿರಾಕಿ ಹಿಡಿಯಲು ನಾನು ಕಟ್ಟಿದ ಕಥೆ ಎಂದು ಇಲ್ಲಿ ಜನ ಆಡಿಕೊಂಡರು. ಅದನ್ನು ನೋಡಿಕೊಂಡು ಹೋಗಲು ಅನುಪಮಾ ಅವರು ಬಂದಿರಬೇಕು. ನೀನು ಇದ್ದೀಯಾ ಎಂದು.

ಬಾವ ಬರೆಯುವುದನ್ನು ನಿಲ್ಲಿಸಿದಾಗಲೇ ನಿಮಗೆ ತಿಳಿದಿದೆ ಎಂದುಕೊಂಡಿದ್ದೆ. ಈಗ ಚರಂಡಿ ದಾಟಬೇಕಾದರೂ ಕಾಲು ನಿಂತುಬಿಡುತ್ತದೆ. ಇಷ್ಟು ದಿನ ಹೇಳದೆ ಇದ್ದದ್ದು ಹೆದರಿಕೆಗಲ್ಲ. ಆ ಮಾತು ನಿನ್ನದು. ಹೇಳಿದರೆ ನೀನು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತೀಯ ಎಂದು. ಹೊರಬೇಡ. ತಪ್ಪು ಪೂರ್ತಿ ನನ್ನದು.

ತೀರ್ಥ

*

ಕಕ್ಕಬೆ
11 ಏಪ್ರಿಲ್ 2025

ತೀರ್ಥ,

ಕಾಗದ ಬಂದು ಮೂರು ದಿನವಾಯಿತು. ಮೊದಲ ದಿನ ಅತ್ತೆ. ಎರಡನೆಯ ದಿನ ನಿನ್ನನ್ನು ಬೈದೆ, ಬಾವ ಕೇಳಿಸಿಕೊಂಡರು. ಮೂರನೆಯ ದಿನ ಬೆಳಿಗ್ಗೆ ಒಬ್ಬಳೇ ತೋಡಿಗೆ ಹೋಗಿ ನಿಂತೆ. ನೀರು ತಿಳಿಯಾಗಿತ್ತು. ನನಗೆ ದಾಟಲಾಗಲಿಲ್ಲ, ಹಿಂದಕ್ಕೆ ಬಂದೆ.

ಮುಚ್ಚಿಡುವುದು ನಿನಗೊಬ್ಬನಿಗೇ ಬರುತ್ತದೆಂದು ತಿಳಿಯಬೇಡ. ಬಾವ ವಿರಾಜಪೇಟೆಗೆ ಹೋಗಿದ್ದು ಸುಮ್ಮನಲ್ಲ, ಆಸ್ಪತ್ರೆಗೆ. ಮೆಣಸಿನ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ನೀನು ಇದ್ದ ಕೆಲಸ ಬಿಟ್ಟು ಓಡಿಬರುತ್ತೀಯ ಎಂದು ಹೇಳಲಿಲ್ಲ. ಅಲ್ಲಿ ಬಿಡಲು ಕೆಲಸವೇ ಇರಲಿಲ್ಲ! ನಾವಿಬ್ಬರೂ ಒಬ್ಬರನ್ನೊಬ್ಬರು ಕಾಪಾಡಿದ ಚಂದ ನೋಡು.

ತಪ್ಪು ಪೂರ್ತಿ ನನ್ನದು ಎಂದು ಬರೆದಿದ್ದೀಯ. ಅರ್ಧ ನನಗೆ ಬೇಕು. ನೀನು ಕೊಡದಿದ್ದರೂ ತೆಗೆದುಕೊಳ್ಳುತ್ತೇನೆ. ಆ ಮಾತನ್ನು ನಾನು ಒಂದು ತೋಡಿನ ದಡದಲ್ಲಿ ಆರು ವರ್ಷದ ಹುಡುಗನಿಗೆ ಹೇಳಿದ್ದು. ಎಲ್ಲ ನೀರಿಗೂ ಅದೇ ಎಂದು ನೀನು ಹಿಡಿದುಕೊಂಡೆ, ಕಡಲವರೆಗೂ ಹೊತ್ತುಕೊಂಡು ಹೋದೆ. ಇಲ್ಲಿಗೆ ಮಾತ್ರ ಕಣೋ ಎಂದು ನಾನು ಹೇಳಬೇಕಿತ್ತು. ನೀನು ಬರೆದಾಗ ನನಗೆ ಹೆಮ್ಮೆಯಾಯಿತು, ಅನುಮಾನ ಬರಲಿಲ್ಲ.

ಇನ್ನರ್ಧ ನಿನ್ನದು. ಅದನ್ನು ನಾನು ತೊಳೆಯುವುದಿಲ್ಲ. ನಾಲ್ಕು ತಿಂಗಳು ಆ ಊರಿನ ಜನರ ನಡುವೆ ಉಂಡು ಮಲಗಿ, ನಿಮ್ಮ ನೀರು ಹೇಗೆ ಎಂದು ಒಬ್ಬರನ್ನೂ ಕೇಳಲಿಲ್ಲವಾ? ಚಪ್ಪಲಿ ಹಾಕಿಕೊಂಡು, ಯಾರನ್ನೂ ಕೇಳದೆ ತಡಿಯಂಡಮೋಳಿಗೆ ಹತ್ತುವವರನ್ನು ನಾವಿಬ್ಬರೂ ಜಗಲಿಯಲ್ಲಿ ಕೂತು ಎಷ್ಟು ಬೈದಿದ್ದೇವೆ. ನಾವು ಬೈಯುತ್ತಿದ್ದ ಟೂರಿಸ್ಟ್ ನೀನೇ ಆಗಿಬಿಟ್ಟೆಯಲ್ಲೋ. ನಾನಲ್ಲದೆ ನಿನಗೆ ಯಾರು ಹೇಳುತ್ತಾರೆ?

ಅನುಪಮಾ ಅವರು ನಿನ್ನನ್ನು ಕ್ಷಮಿಸಿದರು ಎಂದು ನಾನು ಬರೆಯಲಾರೆ. ಸುಳ್ಳು ಹೇಳಿರಲಿಲ್ಲ ಎಂದರು, ಅಷ್ಟೆ. ಅದನ್ನು ಹಿಗ್ಗಿಸಿ ಕಂಬಳಿ ಮಾಡಿ ಹೊದ್ದುಕೊಳ್ಳಬೇಡ. ಆ ಮಾತನ್ನು ಅವರ ಎದುರಿಗೆ ಎರಡು ಸಲ ಹೇಳಿದೆನಲ್ಲ, ನಗುತ್ತಾ ನೀರಿಗೆ ಇಳಿಸಿದೆನಲ್ಲ, ನಿನ್ನ ಚಡ್ಡಿ ಫೋಟೋ ತೋರಿಸಿದೆನಲ್ಲ. ನೆನೆದರೆ ಮೈ ಉರಿಯುತ್ತದೆ. ಮಣಿಕಟ್ಟಿನ ಗುರುತು ಅವತ್ತೇ ಹೋಗಿದೆ. ದಿನಕ್ಕೆ ನಾಲ್ಕು ಸಲ ಅಲ್ಲಿ ನೋಡಿಕೊಳ್ಳುತ್ತೇನೆ. ಕಾವೇರಿ ತೀರ್ಥ ಕೊಟ್ಟದ್ದೊಂದು, ಗೊತ್ತಿಲ್ಲದೆಯಾದರೂ, ಸರಿಯಾಗಿ ಕೊಟ್ಟೆ. ಉಪ್ಪುನೀರು ಕುಡಿದು ಹೋದ ಮನುಷ್ಯನಿಗೆ ಅದು ಬೇಕಿತ್ತು.

ನಾನು ಬರುತ್ತಿದ್ದೇನೆ. ಬಾವನನ್ನು ನೋಡಿಕೊಳ್ಳಲು ಅವರ ತಂಗಿ ಬಂದಿದ್ದಾಳೆ. ಗುರುವಾರ ಸಂಜೆ ಕೋಡಿಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಶುಕ್ರವಾರ ಆ ತೋಡಿನ ಹತ್ತಿರ ಹೋಗೋಣ. ಅಷ್ಟರೊಳಗೆ ದೋಣಿಯವರನ್ನು ಕೇಳಿಟ್ಟುಕೋ, ನೀರು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಯಾವ ಕಡೆಗೆ ಎಳೆಯುತ್ತದೆ. ನಾಚಿಕೆಯಾದರೂ ಕೇಳು. ಆ ಕೋಲುಗಳು ಇನ್ನೂ ನಿಂತಿದ್ದರೆ ಕಿತ್ತು ಹಾಕೋಣ, ಬೇರೆ ಯಾರೂ ಅವನ್ನು ನಂಬಬಾರದು. ಶನಿವಾರ ಹಾಸನಕ್ಕೆ, ಅನುಪಮಾ ಅವರ ಮನೆಗೆ. ಅವರು ಬಾಗಿಲು ತೆಗೆಯದಿರಬಹುದು. ಹೊರಗೆ ನಿಂತು ಬರೋಣ. ಸೋಮವಾರ ನಿನ್ನ ಸಹಿಗೆ ತಪ್ಪಿಸುವುದಿಲ್ಲ.

ಸೈಕಲ್ ತರಬೇಡ, ನಡೆದೇ ಹೋಗೋಣ. ಆ ನೀರು ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನೀನು ಕೇಳಿ ತಿಳಿದುಕೊಂಡಿರುತ್ತೀಯ. ಈ ಸಲ ಮುಂದೆ ನೀನು ನಡಿ, ನಾನು ನಿನ್ನ ಅಂಗಿ ಹಿಡಿದುಕೊಂಡು ಹಿಂದೆ ಬರುತ್ತೇನೆ.

ಯಮುನಕ್ಕ

(ತೀರ್ಥ, ಕಾಲು ಕೂಡುತ್ತಿದೆ, ಊರುಗೋಲಿನಲ್ಲಿ ಓಡಾಡುತ್ತೇನೆ. ಅಕ್ಕ ಕಡಲು ಕಂಡವಳಲ್ಲ, ಹುಷಾರು. ಅವಳ ಜೊತೆ ನೀನೂ ಮನೆಗೆ ಬಾ. ಒಣಸಿಗಡಿ ಬೇಡ. — ಸೋಮಯ್ಯ)